ಶಿಕ್ಷೆಯ ನೀತಿ ರೂಪಿಸುವ ಅಧಿಕಾರಿಯ ಕೈಯಲ್ಲಿ ನಿಜಕ್ಕೂ ಏನಿರುತ್ತದೆ?

ಪ್ರಶ್ನೆ: ಕಾನೂನು ಓದಿ ಸರ್ಕಾರಿ ಸೇವೆಗೆ ಸೇರಿ ಕೆಲವು ವರ್ಷಗಳಾಗಿವೆ. ಪೊಲೀಸ್, ಕೋರ್ಟು, ಜೈಲು ಮೂರಕ್ಕೂ ಸಂಬಂಧಪಟ್ಟ ನೀತಿ ವಿಭಾಗಕ್ಕೆ ಹೋಗುವ ಅವಕಾಶ ಈಗ ಬಂದಿದೆ. ಹಿರಿಯ ಸಹೋದ್ಯೋಗಿಗಳು ಬೇಡ ಅನ್ನುತ್ತಾರೆ. "ನೀತಿ ಮಾಡುವವರು ಮಂತ್ರಿಗಳು, ನೀನು ಸುಮ್ನೆ ಕಡತ ಸಾಗಿಸಬೇಕು" ಅನ್ನುವುದು ಅವರ ಮಾತು. ಒಬ್ಬ ಅಧಿಕಾರಿಯಿಂದ ಈ ಕ್ಷೇತ್ರದಲ್ಲಿ ಏನಾದರೂ ಬದಲಾಗಿದ್ದು ಉಂಟೇ? ಉಂಟು ಅಂತಾದರೆ ಅವರು ಮಾಡಿದ್ದೇನು? ನಾನು ಏನು ಕಲಿಯಬೇಕು, ಎಲ್ಲಿಂದ ಶುರು ಮಾಡಬೇಕು?

ಉತ್ತರ: ನಿಮ್ಮ ಹಿರಿಯರ ಮಾತಿನಲ್ಲಿ ಅರ್ಧ ಸತ್ಯವಿದೆ. ಕಾನೂನು ಆಗಬೇಕೋ ಬೇಡವೋ ಅಂತ ತೀರ್ಮಾನಿಸುವವರು ಚುನಾಯಿತರು. ಅದು ಹಾಗೇ ಇರಬೇಕು. ಆದರೆ ಆ ವಿಷಯ ಅವರ ಮೇಜಿಗೆ ಯಾವ ರೂಪದಲ್ಲಿ ಬರುತ್ತದೆ, ಜೊತೆಗೆ ಯಾವ ಲೆಕ್ಕ ಇರುತ್ತದೆ, ಜಾರಿಯಾದ ಮೇಲೆ ಆ ಕಾನೂನು ನಿಲ್ಲುತ್ತದೋ ಬೀಳುತ್ತದೋ ಅನ್ನುವುದೆಲ್ಲ ಬಹುಪಾಲು ಅಧಿಕಾರಿಗಳ ಕೈಯಲ್ಲಿರುತ್ತದೆ. ಈ ಕ್ಷೇತ್ರದಲ್ಲಿ ಉಳಿಯುವಂಥ ಕೆಲಸ ಮಾಡಿದವರನ್ನು ನಾನು ಬಹಳ ಕಾಲದಿಂದ ಓದುತ್ತಾ ಬಂದಿದ್ದೇನೆ. ಅವರು ಒಂದೇ ಕೆಲಸವನ್ನು ದಶಕಗಳ ಕಾಲ ಹಿಡಿದುಕೊಂಡಿದ್ದರು. ಲೆಕ್ಕ ಇಡುವುದನ್ನು ಯಾವತ್ತೂ ಬಿಡಲಿಲ್ಲ. ಕರಡಿನ ಸಣ್ಣ ಸಣ್ಣ ಉಪಕಲಮುಗಳನ್ನೂ ತಾವೇ ಕೂತು ನೋಡುತ್ತಿದ್ದರು.

ಉದಾಹರಣೆಗೆ ಫಿನ್‌ಲ್ಯಾಂಡ್ ತೆಗೆದುಕೊಳ್ಳೋಣ. 1950ರ ದಶಕದ ಆರಂಭದಲ್ಲಿ ಅಲ್ಲಿ ಒಂದು ಲಕ್ಷ ಜನಕ್ಕೆ ಸುಮಾರು 200 ಮಂದಿ ಜೈಲಿನಲ್ಲಿದ್ದರು. ಅದೇ ಹೊತ್ತಿಗೆ ಸ್ವೀಡನ್, ನಾರ್ವೆ, ಡೆನ್ಮಾರ್ಕ್‌ಗಳಲ್ಲಿ ಆ ಸಂಖ್ಯೆ 50ರ ಆಸುಪಾಸಿನಲ್ಲಿತ್ತು. ಅಂದರೆ ನೆರೆಹೊರೆಗಿಂತ ನಾಲ್ಕು ಪಟ್ಟು! ಅಲ್ಲಿನ ಜನ ನಾಲ್ಕು ಪಟ್ಟು ಕೆಟ್ಟವರೇನೂ ಆಗಿರಲಿಲ್ಲ. 1889ರ ಹಳೆಯ ದಂಡ ಸಂಹಿತೆ ಇನ್ನೂ ಜಾರಿಯಲ್ಲಿತ್ತು. 1918ರ ಅಂತರ್ಯುದ್ಧ, ಆಮೇಲೆ ಎರಡನೇ ಮಹಾಯುದ್ಧ ಸಮಾಜವನ್ನು ಒರಟು ಮಾಡಿದ್ದವು. ಉದ್ದುದ್ದ ಶಿಕ್ಷೆಗಳು ಎಲ್ಲರಿಗೂ ಅಭ್ಯಾಸವಾಗಿಬಿಟ್ಟಿದ್ದವು. 1990ರ ದಶಕದ ಆರಂಭಕ್ಕೆ ಬರುವಾಗ ಅದೇ ಫಿನ್‌ಲ್ಯಾಂಡ್ ನೆರೆಯ ದೇಶಗಳ ಮಟ್ಟಕ್ಕೆ, ಅಂದರೆ 60ರ ಸುಮಾರಿಗೆ ಇಳಿದಿತ್ತು. ಈ ನಡುವಿನ ವರ್ಷಗಳಲ್ಲಿ ನಾಲ್ಕೂ ದೇಶಗಳಲ್ಲಿ ದಾಖಲಾದ ಅಪರಾಧದ ಏರಿಳಿತ ಹೆಚ್ಚು ಕಡಿಮೆ ಒಂದೇ ತರಹ ಇತ್ತು. ಕೈದಿಗಳನ್ನು ಕಡಿಮೆ ಮಾಡಿದ್ದಕ್ಕೆ ಫಿನ್‌ಲ್ಯಾಂಡ್ ಬೇರೆ ಬೆಲೆ ತೆರಲಿಲ್ಲ.

ಇದರ ಹಿಂದೆ ಒಬ್ಬರೇ ಇರಲಿಲ್ಲ, ಸಣ್ಣದೊಂದು ಗುಂಪು ಇತ್ತು. ಅದರ ನಡುವೆ ಇದ್ದವರು ಇಂಕೆರಿ ಆಂಟಿಲಾ. ಅವರು ಹುಟ್ಟಿದ್ದು 1916ರಲ್ಲಿ. 1946ರಲ್ಲಿ ಕಾನೂನಿನಲ್ಲಿ ಡಾಕ್ಟರೇಟ್ ಪಡೆದರು. ಆ ದೇಶದಲ್ಲಿ ಅದನ್ನು ಪಡೆದ ಮೊದಲ ಮಹಿಳೆ ಅವರೇ. ಜೈಲು ಸಿಬ್ಬಂದಿಗೆ ತರಬೇತಿ ಕೊಡುವ ಕೆಲಸ ಮಾಡಿದರು. 1961ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಕ್ರಿಮಿನಲ್ ಕಾನೂನಿನ ಪ್ರಾಧ್ಯಾಪಕರಾದರು. 1963ರಲ್ಲಿ ಸರ್ಕಾರದ ಅಪರಾಧಶಾಸ್ತ್ರ ಸಂಸ್ಥೆ ಶುರುವಾದಾಗ ಅದರ ಮುಖ್ಯಸ್ಥರಾದರು. 1974ರಲ್ಲಿ ಆ ಸಂಸ್ಥೆ ನ್ಯಾಯ ಸಚಿವಾಲಯದ ದೊಡ್ಡ ಕಾನೂನು ನೀತಿ ಸಂಶೋಧನಾ ಸಂಸ್ಥೆಯಾಗಿ ಬೆಳೆಯಿತು. 1975ರಲ್ಲಿ ಕೆಲವು ತಿಂಗಳ ಕಾಲ ಹಂಗಾಮಿ ಸರ್ಕಾರದಲ್ಲಿ ನ್ಯಾಯ ಮಂತ್ರಿಯೂ ಆದರು. ಅದೇ ವರ್ಷ ಜಿನೀವಾದಲ್ಲಿ ನಡೆದ ವಿಶ್ವಸಂಸ್ಥೆಯ ಐದನೇ ಅಪರಾಧ ತಡೆ ಸಮ್ಮೇಳನಕ್ಕೆ ಅಧ್ಯಕ್ಷೆಯಾಗಿದ್ದರು. ಚಿತ್ರಹಿಂಸೆಯ ವಿರುದ್ಧ ವಿಶ್ವಸಂಸ್ಥೆ ಆ ವರ್ಷದ ಕೊನೆಗೆ ಒಪ್ಪಿಕೊಂಡ ಘೋಷಣೆ ಮೊದಲು ಬಂದದ್ದು ಈ ಸಮ್ಮೇಳನದಲ್ಲಿ.

ಈ ದಾರಿಯಲ್ಲಿ ಮಂತ್ರಿ ಪದವಿ ಎಷ್ಟು ಸಣ್ಣ ತುಣುಕು ನೋಡಿ. ಕೆಲವೇ ತಿಂಗಳು. ಉಳಿದದ್ದೆಲ್ಲ ಜೈಲು ತರಬೇತಿ, ಪಾಠ, ಸಂಶೋಧನೆ, ಸಮಿತಿಗಳು. ಅವರ ಪ್ರಭಾವ ಹುಟ್ಟಿದ್ದು ಆ ಉಳಿದ ಭಾಗದಲ್ಲಿ. ಜೈಲು ಸಿಬ್ಬಂದಿಗೆ ಪಾಠ ಹೇಳಿದವರಿಗೆ ಒಂದು ನಿಯಮ ಸೆರೆಮನೆಯ ಒಳಗೆ ಹೇಗೆ ನಡೆಯುತ್ತದೆ ಅಂತ ಗೊತ್ತಿರುತ್ತದೆ. ಮುಂದೆ ನ್ಯಾಯಾಧೀಶರು, ಪ್ರಾಸಿಕ್ಯೂಟರ್‌ಗಳು ಆಗಲಿರುವ ಹುಡುಗರು ತರಗತಿಯಲ್ಲಿ ಇವರ ಮುಂದೆ ಕೂತಿದ್ದರು. ನೀತಿ ಬದಲಾಗುವಾಗ ಅದನ್ನು ನಡೆಸಬೇಕಾದವರಲ್ಲಿ ಅನೇಕರು ಇವರ ವಿದ್ಯಾರ್ಥಿಗಳೇ ಅಲ್ವಾ?

ಅವರು ಮಾಡಿಸಿದ ಒಂದು ಸಮೀಕ್ಷೆ ನನಗೆ ಬಹಳ ಮುಖ್ಯ ಅನಿಸುತ್ತದೆ. 1960ರ ದಶಕದ ಆರಂಭದಲ್ಲಿ ಕಡ್ಡಾಯ ಸೈನಿಕ ಸೇವೆಗೆ ಬಂದ ಯುವಕರಿಗೆ, ಹೆಸರು ಬರೆಯದೆ, ತಾವು ಯಾವ್ಯಾವ ಅಪರಾಧ ಮಾಡಿದ್ದೀರಿ ಅಂತ ಕೇಳಲಾಯಿತು. ಸೇನೆಗೆ ಬರುವುದು ಆ ವಯಸ್ಸಿನ ಬಹುತೇಕ ಎಲ್ಲ ಹುಡುಗರು. ಹಾಗಾಗಿ ಉತ್ತರ ಕೊಟ್ಟವರು ಒಂದು ಇಡೀ ಪೀಳಿಗೆಯ ಮಾದರಿ. ಯಾವುದೋ ಒಂದು ಸಣ್ಣ ಕಾನೂನನ್ನಾದರೂ ಮುರಿಯದವರು ಬಹಳ ಕಡಿಮೆ ಅಂತ ಗೊತ್ತಾಯಿತು. ಪೊಲೀಸರಿಗೆ ಸಿಕ್ಕವರು ಅವರಲ್ಲಿ ಒಂದು ಚಿಕ್ಕ ಪಾಲು ಮಾತ್ರ. "ಅಪರಾಧಿಗಳು ಬೇರೆ ಜಾತಿಯ ಮನುಷ್ಯರು" ಅನ್ನುವ ನಂಬಿಕೆಗೆ ಅಂಕಿಗಳಿಂದ ಬಿದ್ದ ಪೆಟ್ಟು ಅದು. ನೀತಿ ಮಾತನಾಡುವ ಕೋಣೆಯಲ್ಲಿ ಇಂಥ ಒಂದು ಸಂಗತಿ ಗಟ್ಟಿಯಾಗಿ ಕೂತುಬಿಟ್ಟರೆ ಮುಂದಿನ ಎಷ್ಟೋ ವಾದಗಳ ದಿಕ್ಕು ಬದಲಾಗುತ್ತದೆ.

ಅವರ ಜೊತೆಗಿದ್ದ ಪ್ಯಾಟ್ರಿಕ್ ಟೋರ್ನುಡ್ ಅನ್ನುವ ಸಂಶೋಧಕ ಇನ್ನೊಂದು ಕೆಲಸ ಮಾಡಿದರು. ಅಪರಾಧ ನೀತಿಯ ಗುರಿ ಏನು ಅನ್ನುವುದನ್ನೇ ಹೊಸದಾಗಿ ಹೇಳಿದರು. ಅಪರಾಧದಿಂದ ಆಗುವ ಹಾನಿ ಒಂದು ಕಡೆ, ಅದನ್ನು ತಡೆಯಲು ನಾವು ಮಾಡುವ ಕೆಲಸದಿಂದ ಆಗುವ ಹಾನಿ ಮತ್ತು ಖರ್ಚು ಇನ್ನೊಂದು ಕಡೆ. ಎರಡನ್ನೂ ಸೇರಿಸಿ ಕಡಿಮೆ ಮಾಡಬೇಕು. ಉಳಿಯುವ ಹೊರೆಯನ್ನು ತಪ್ಪು ಮಾಡಿದವರು, ನೊಂದವರು, ಸಮಾಜ ಈ ಮೂವರ ನಡುವೆ ನ್ಯಾಯವಾಗಿ ಹಂಚಬೇಕು. ಕೇಳಲು ಸರಳ. ಆದರೆ ಇದನ್ನು ಒಪ್ಪಿಕೊಂಡ ಕ್ಷಣದಿಂದ ಜೈಲು ಶಿಕ್ಷೆಯೂ ಲೆಕ್ಕದ ಪುಸ್ತಕದ ಖರ್ಚಿನ ಕಾಲಮ್ಮಿಗೆ ಬರುತ್ತದೆ. ಅಲ್ಲಿಯವರೆಗೆ ಅದನ್ನು ಯಾರೂ ಖರ್ಚು ಅಂತ ಬರೆದೇ ಇರುವುದಿಲ್ಲ.

ಇನ್ನು ಅವರು ತಿರುಗಿಸಿದ ಸ್ಕ್ರೂಗಳ ವಿಷಯ. ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಇಲ್ಲೇ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲನೆಯದು, ಕುಡಿದು ಬೀದಿಯಲ್ಲಿ ಬಿದ್ದವರಿಗೆ ದಂಡ. ದಂಡ ಕಟ್ಟಲಾಗದವರು ಜೈಲಿಗೆ ಹೋಗುತ್ತಿದ್ದರು. ಅಂಥವರೇ ಜೈಲುಗಳಲ್ಲಿ ಗುಂಪುಗುಂಪಾಗಿ ಇದ್ದರು. 1969ರಲ್ಲಿ ಸಾರ್ವಜನಿಕವಾಗಿ ಕುಡಿದಿರುವುದನ್ನೇ ಅಪರಾಧಗಳ ಪಟ್ಟಿಯಿಂದ ತೆಗೆದರು. ಎರಡನೆಯದು ಕಳ್ಳತನ. 1972ರಲ್ಲಿ ಅದರ ಶಿಕ್ಷೆಯ ಮಟ್ಟ ಇಳಿಸಿದರು. 1971ರಲ್ಲಿ ಕಳ್ಳತನಕ್ಕೆ ಶಿಕ್ಷೆಯಾದವರಲ್ಲಿ ಶೇ. 38ರಷ್ಟು ಜನ ಜೈಲಿಗೆ ಹೋಗುತ್ತಿದ್ದರೆ, 1991ಕ್ಕೆ ಅದು ಶೇ. 11 ಆಗಿತ್ತು. ಮೂರನೆಯದು ಕುಡಿದು ಗಾಡಿ ಓಡಿಸುವುದು. 1970ರ ದಶಕದ ಆರಂಭದಲ್ಲಿ ಅದಕ್ಕೆ ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರಿಗೆ ನೇರವಾಗಿ ಜೈಲು. 1976-77ರ ತಿದ್ದುಪಡಿಗಳ ನಂತರ ಷರತ್ತಿನ ಶಿಕ್ಷೆಯ (ಮತ್ತೆ ತಪ್ಪು ಮಾಡದಿದ್ದರೆ ಜೈಲಿಗೆ ಹೋಗಬೇಕಿಲ್ಲ ಅನ್ನುವ ಶಿಕ್ಷೆ) ಜೊತೆ ದಂಡ ಹಾಕುವುದು ರೂಢಿಯಾಯಿತು. ಹತ್ತು ವರ್ಷದಲ್ಲಿ ಜೈಲಿಗೆ ಹೋಗುವವರು ಐದರಲ್ಲಿ ಒಬ್ಬರಿಗಿಂತ ಕಡಿಮೆಯಾದರು. ನಾಲ್ಕನೆಯದು ಪೆರೋಲ್, ಅಂದರೆ ಇಲ್ಲಿ ಶಿಕ್ಷೆಯ ಅವಧಿ ಮುಗಿಯುವ ಮೊದಲೇ ಷರತ್ತಿನ ಮೇಲೆ ಬಿಡುಗಡೆ. ಪೆರೋಲ್ ಸಿಗಲು ಕನಿಷ್ಠ ಇಷ್ಟು ಕಾಲ ಒಳಗಿರಬೇಕು ಅನ್ನುವ ಮಿತಿ 1960ರ ದಶಕದಲ್ಲಿ ಆರು ತಿಂಗಳಿತ್ತು. ಮೊದಲು ಅದನ್ನು ನಾಲ್ಕು ತಿಂಗಳಿಗೆ, 1989ರಲ್ಲಿ 14 ದಿನಕ್ಕೆ ಇಳಿಸಿದರು. ಪತ್ರಿಕೆಯ ಮುಖಪುಟಕ್ಕೆ ಬರುವಂಥ ಬದಲಾವಣೆ ಇದರಲ್ಲಿ ಒಂದೂ ಇಲ್ಲ. ಆದರೆ ಸಣ್ಣ ಶಿಕ್ಷೆಯ ಸಾವಿರಾರು ಜನರ ಬದುಕು ಬದಲಾದದ್ದು ಇವುಗಳಿಂದ.

ನನಗೆ ಅತ್ಯಂತ ಇಷ್ಟವಾದದ್ದು ಸಮುದಾಯ ಸೇವೆಯ ಕರಡು. 1990ರ ದಶಕದ ಆರಂಭದಲ್ಲಿ ಕೆಲವೇ ಜಿಲ್ಲೆಗಳಲ್ಲಿ ಪ್ರಯೋಗ ಮಾಡಿ, ಆಮೇಲೆ ಇಡೀ ದೇಶಕ್ಕೆ ತಂದರು. ಎಂಟು ತಿಂಗಳವರೆಗಿನ ಜೈಲು ಶಿಕ್ಷೆಯ ಬದಲು ಸಂಬಳವಿಲ್ಲದ ಕೆಲಸ. ಎಷ್ಟೋ ದೇಶಗಳಲ್ಲಿ ಈ ಯೋಜನೆ ಬಂದಾಗ ಒಂದು ವಿಚಿತ್ರ ಆಗುತ್ತದೆ. ಜೈಲಿಗೆ ಹೋಗಬೇಕಾದವರು ಜೈಲಿಗೇ ಹೋಗುತ್ತಾರೆ. ಮೊದಲು ದಂಡ ಕಟ್ಟಿ ಮನೆಗೆ ಹೋಗುತ್ತಿದ್ದವರಿಗೆ ಸಮುದಾಯ ಸೇವೆ ಬೀಳುತ್ತದೆ. ಕೈದಿಗಳ ಸಂಖ್ಯೆ ಇಳಿಯುವುದಿಲ್ಲ, ಶಿಕ್ಷೆ ಮಾತ್ರ ಜಾಸ್ತಿಯಾಗುತ್ತದೆ. ಇದನ್ನು ತಡೆಯಲು ಫಿನ್‌ಲ್ಯಾಂಡಿನವರು ಕಾನೂನಿನಲ್ಲೇ ಎರಡು ಹೆಜ್ಜೆ ಇಟ್ಟರು. ನ್ಯಾಯಾಧೀಶರು ಸಮುದಾಯ ಸೇವೆಯ ಯೋಚನೆಯನ್ನೇ ಪಕ್ಕಕ್ಕಿಟ್ಟು, ಮೊದಲು ಎಂದಿನ ಹಾಗೆ ಶಿಕ್ಷೆ ತೀರ್ಮಾನಿಸಬೇಕು. ಅದು ನೇರ ಜೈಲು ಅಂತಾದರೆ ಮಾತ್ರ, ಎರಡನೇ ಹೆಜ್ಜೆಯಲ್ಲಿ ಅದನ್ನು ಸೇವೆಗೆ ಬದಲಿಸಬಹುದು. ಒಂದು ದಿನದ ಜೈಲಿಗೆ ಒಂದು ಗಂಟೆ ಕೆಲಸ ಅಂತ ಲೆಕ್ಕ. ಇದರಿಂದ ಸೇವೆ ನಿಜವಾಗಿಯೂ ಜೈಲಿನ ಜಾಗಕ್ಕೇ ಬಂತು. ಈ ಎರಡು ಹೆಜ್ಜೆಯ ಉಪಾಯ ಯಾವ ಮಂತ್ರಿಯ ಭಾಷಣದಲ್ಲೂ ಹುಟ್ಟುವುದಿಲ್ಲ. ಬೇರೆ ಕಡೆ ಏನು ಕೆಟ್ಟಿತು ಅಂತ ತಿಳಿದುಕೊಂಡು, ಹಾಗಾಗದ ಹಾಗೆ ವಾಕ್ಯ ಕಟ್ಟಬಲ್ಲ ಅಧಿಕಾರಿಯಿಂದ ಬರುತ್ತದೆ.

ಈಗ ಇನ್ನೊಂದು ಕಥೆಗೆ ಬರುತ್ತೇನೆ. ಇದನ್ನು ಓದದೆ ನೀವು ಈ ಕೆಲಸಕ್ಕೆ ಹೋಗಬಾರದು. ಇಂಗ್ಲೆಂಡಿನ ಗೃಹ ಕಚೇರಿಯಲ್ಲಿ (ಅಲ್ಲಿನ ಗೃಹ ಸಚಿವಾಲಯ) ಡೇವಿಡ್ ಫಾಕ್ನರ್ ಅನ್ನುವ ಹಿರಿಯ ಅಧಿಕಾರಿ ಇದ್ದರು. 1980ರ ದಶಕದಲ್ಲಿ ಅಲ್ಲಿನ ಅಪರಾಧ ನೀತಿಯ ಹೊಣೆ ಅವರದು. ತಿಳಿವಳಿಕೆಯ, ಸಜ್ಜನಿಕೆಯ ಮನುಷ್ಯ. ನ್ಯಾಯಾಧೀಶರು, ಪೊಲೀಸರು, ಜೈಲಿನ ಹೊರಗಿರುವ ಅಪರಾಧಿಗಳ ಮೇಲ್ವಿಚಾರಣೆ ನೋಡುವ ಪ್ರೊಬೇಷನ್ ಅಧಿಕಾರಿಗಳು ಪರಸ್ಪರ ಮಾತನಾಡದೇ ಇದ್ದ ಕಾಲದಲ್ಲಿ ಅವರನ್ನೆಲ್ಲ ಒಂದೇ ಕಡೆ ಕೂರಿಸುವ ಸಭೆಗಳನ್ನು ನಡೆಸಿದವರಲ್ಲಿ ಅವರು ಮುಖ್ಯರು. ಸಂಪ್ರದಾಯವಾದಿ ಪಕ್ಷದ ಸರ್ಕಾರವೇ 1990ರಲ್ಲಿ ಹೊರಡಿಸಿದ ಶ್ವೇತಪತ್ರದಲ್ಲಿ, ಜೈಲು ಅನ್ನುವುದು ಕೆಟ್ಟವರನ್ನು ಇನ್ನಷ್ಟು ಕೆಡಿಸುವ ದುಬಾರಿ ದಾರಿಯಾಗಬಹುದು ಅನ್ನುವ ಅರ್ಥದ ಮಾತಿತ್ತು. ಅದರ ಮೇಲೆ 1991ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆ ಬಂತು. 1980ರ ದಶಕದ ಕೊನೆಗೆ 50 ಸಾವಿರ ಮುಟ್ಟಿದ್ದ ಇಂಗ್ಲೆಂಡ್ ಮತ್ತು ವೇಲ್ಸ್‌ನ ಕೈದಿಗಳ ಸಂಖ್ಯೆ ಕೆಳಗಿಳಿಯುತ್ತಿತ್ತು. ಎಲ್ಲ ಸರಿಯಾಗಿ ನಡೆಯುತ್ತಿದೆ ಅನಿಸುವ ಹೊತ್ತು.

ಕಾಯ್ದೆ 1992ರ ಅಕ್ಟೋಬರಿನಲ್ಲಿ ಜಾರಿಗೆ ಬಂತು. ಅದರಲ್ಲಿ ಯುನಿಟ್ ದಂಡ ಅನ್ನುವ ವ್ಯವಸ್ಥೆ ಇತ್ತು. ತಪ್ಪು ಎಷ್ಟು ದೊಡ್ಡದು ಅನ್ನುವುದರ ಮೇಲೆ ಯುನಿಟ್, ಆ ಮನುಷ್ಯನ ಆದಾಯದ ಮೇಲೆ ಒಂದು ಯುನಿಟ್‌ನ ಬೆಲೆ. ಬಡವನಿಗೂ ಶ್ರೀಮಂತನಿಗೂ ದಂಡ ಒಂದೇ ತರಹ ತಾಗಲಿ ಅನ್ನುವ ನ್ಯಾಯವಾದ ಯೋಚನೆ. ಫಿನ್‌ಲ್ಯಾಂಡಿನಲ್ಲಿ 1921ರಿಂದಲೇ ಇಂಥ ಪದ್ಧತಿ ಇದೆ. ಇಂಗ್ಲೆಂಡಿನಲ್ಲಿ ಒಂದು ಯುನಿಟ್‌ಗೆ 4 ಪೌಂಡ್‌ನಿಂದ 100 ಪೌಂಡ್ ತನಕ. ಆದಾಯದ ವಿವರ ಕೊಡದವನಿಗೆ ಕೋರ್ಟು ಗರಿಷ್ಠ ದರವನ್ನೇ ಹಾಕಬಹುದಿತ್ತು. ಒಬ್ಬ ಮನುಷ್ಯ ಚಿಪ್ಸ್ ಪೊಟ್ಟಣವನ್ನು ಬೀದಿಗೆ ಎಸೆದ. ಅರ್ಜಿಯಲ್ಲಿ ಆದಾಯ ತುಂಬಲಿಲ್ಲ. ಅವನಿಗೆ 1,200 ಪೌಂಡ್ ದಂಡ ಬಿತ್ತು. ಪತ್ರಿಕೆಗಳು ಬಿಡುತ್ತವೆಯೇ? ಮ್ಯಾಜಿಸ್ಟ್ರೇಟರಿಗೆ ಮೊದಲೇ ಅಸಮಾಧಾನವಿತ್ತು. ತಮ್ಮ ವಿವೇಚನೆಯನ್ನು ಕಸಿದುಕೊಂಡು ಕೈಗೆ ಲೆಕ್ಕದ ಪಟ್ಟಿ ಕೊಟ್ಟಿದ್ದಾರೆ ಅನ್ನುವ ಸಿಟ್ಟು. ಹಿಂದಿನ ಶಿಕ್ಷೆಗಳನ್ನು ನೋಡಿ ಶಿಕ್ಷೆ ಹೆಚ್ಚಿಸಬಾರದು ಅನ್ನುವ ಇನ್ನೊಂದು ಕಲಮೂ ಅವರಿಗೆ ನುಂಗಲಾರದ ತುತ್ತಾಗಿತ್ತು. ವರ್ಷ ತುಂಬುವ ಮೊದಲೇ, 1993ರಲ್ಲಿ, ಎರಡನ್ನೂ ಕಿತ್ತು ಹಾಕಿದರು.

ಅದೇ 1993ರ ಫೆಬ್ರವರಿಯಲ್ಲಿ ಲಿವರ್‌ಪೂಲ್ ಬಳಿ ಎರಡು ವರ್ಷದ ಮಗುವೊಂದನ್ನು ಹತ್ತು ವರ್ಷದ ಇಬ್ಬರು ಹುಡುಗರು ಕೊಂದರು. ಇಡೀ ದೇಶ ನಡುಗಿತು. ಎರಡೂ ಪಕ್ಷಗಳು ಯಾರು ಹೆಚ್ಚು ಕಠಿಣ ಅಂತ ಪೈಪೋಟಿಗೆ ಇಳಿದವು. ಮೇ ತಿಂಗಳಲ್ಲಿ ಗೃಹ ಮಂತ್ರಿಯಾದ ಮೈಕಲ್ ಹೋವರ್ಡ್, ಅಕ್ಟೋಬರಿನಲ್ಲಿ ಪಕ್ಷದ ಸಮಾವೇಶದಲ್ಲಿ ಜೈಲು ಕೆಲಸ ಮಾಡುತ್ತದೆ ಅಂತ ಘೋಷಿಸಿದರು. 1990ರ ದಶಕದ ಆರಂಭದಲ್ಲಿ 45 ಸಾವಿರದ ಸುಮಾರಿಗೆ ಇದ್ದ ಕೈದಿಗಳ ಸಂಖ್ಯೆ ಮುಂದಿನ ದಶಕ ಮುಗಿಯುವ ಮೊದಲೇ 80 ಸಾವಿರ ದಾಟಿತು. ಫಾಕ್ನರ್ ಅಷ್ಟರಲ್ಲಿ ಸೇವೆಯಿಂದ ಹೊರಗಿದ್ದರು. ಆಮೇಲೆ ಆಕ್ಸ್‌ಫರ್ಡಿನಲ್ಲಿ ಪಾಠ ಹೇಳುತ್ತಾ, ಬರೆಯುತ್ತಾ ಇದೇ ವಿಷಯದಲ್ಲಿ ದುಡಿದರು.

ಎರಡೂ ದೇಶಗಳಲ್ಲಿ ಅಧಿಕಾರಿಗಳ ಆಶಯ ಒಂದೇ. ಫಲ ಮಾತ್ರ ಬೇರೆ. ಯಾಕೆ? ಒಂದು ಕಾರಣ ರಾಜಕೀಯ. ಫಿನ್‌ಲ್ಯಾಂಡಿನಲ್ಲಿ ಹೊಂದಾಣಿಕೆ ಸರ್ಕಾರಗಳು. ಅಪರಾಧ ಚುನಾವಣೆಯ ಮುಖ್ಯ ವಿಷಯ ಆಗಿದ್ದೇ ಕಡಿಮೆ. ಇದನ್ನು ಯಾವ ಅಧಿಕಾರಿಯೂ ತಂದುಕೊಡಲಾರ. ಆದರೆ ಉಳಿದ ಕಾರಣಗಳು ಅಧಿಕಾರಿಗಳ ಕೈಗೆ ಎಟಕುವಂಥವು. ಫಿನ್‌ಲ್ಯಾಂಡಿನಲ್ಲಿ ಬದಲಾವಣೆ ಸಣ್ಣ ಸಣ್ಣದಾಗಿ, ಮೂವತ್ತು ವರ್ಷ ಹಿಡಿದು ಬಂತು. ಇಂಗ್ಲೆಂಡಿನಲ್ಲಿ ದೊಡ್ಡದಾಗಿ, ಒಂದೇ ಕಾಯ್ದೆಯಲ್ಲಿ. ಒಂದು ಕಲಮು ಮುರಿದಾಗ ಇಡೀ ಕಟ್ಟಡದ ಮೇಲೆ ಅನುಮಾನ ಬಂತು. ಫಿನ್‌ಲ್ಯಾಂಡಿನಲ್ಲಿ ನ್ಯಾಯಾಧೀಶರಿಗೆ, ಪ್ರಾಸಿಕ್ಯೂಟರ್‌ಗಳಿಗೆ ವಿಶ್ವವಿದ್ಯಾಲಯಗಳ ಜೊತೆ ಸೇರಿ ತರಬೇತಿ ಗೋಷ್ಠಿಗಳು ನಡೆಯುತ್ತಿದ್ದವು. ಎಷ್ಟೋ ಸಲ ಕಾನೂನು ಬದಲಾಗುವ ಮೊದಲೇ ಕೋರ್ಟುಗಳು ತಮ್ಮ ರೂಢಿಯನ್ನು ಬದಲಿಸಿಕೊಂಡಿದ್ದವು. ಶಾಸನ ಬಂದದ್ದು ಹಿಂದಿನಿಂದ, ಮುದ್ರೆ ಒತ್ತಲಿಕ್ಕೆ. ಇಂಗ್ಲೆಂಡಿನ ಮ್ಯಾಜಿಸ್ಟ್ರೇಟರಿಗೆ ಅದು ಮೇಲಿನಿಂದ ಹೇರಿದ್ದು ಅನಿಸಿತು.

ಆ ಆದಾಯದ ಉಪಕಲಮಿನ ಬಗ್ಗೆ ಇನ್ನೊಂದು ಮಾತು. ವಿವರ ಕೊಡದವನಿಗೆ ಗರಿಷ್ಠ ದರ ಅನ್ನುವುದನ್ನು ಬರೆದವರು ಬಹುಶಃ ಆದಾಯ ಮುಚ್ಚಿಡುವ ಶ್ರೀಮಂತನನ್ನು ಕಣ್ಣ ಮುಂದೆ ಇಟ್ಟುಕೊಂಡಿದ್ದರು. ಅರ್ಜಿ ತುಂಬಲು ಮರೆಯುವ, ತುಂಬಲು ಬಾರದ, ಹೆದರಿ ಬಿಸಾಡುವ ಮನುಷ್ಯ ಅವರಿಗೆ ಕಾಣಲಿಲ್ಲ. ಆದರೆ ಕೋರ್ಟಿಗೆ ಬರುವವರಲ್ಲಿ ಜಾಸ್ತಿ ಅವನೇ! ಒಂದು ವಾರ ಮ್ಯಾಜಿಸ್ಟ್ರೇಟ್ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತವರಿಗೆ ಇದು ಗೊತ್ತಾಗುತ್ತದೆ. ಯಾವುದೇ ನಿಯಮದಲ್ಲಿ "ಇದನ್ನು ಮಾಡದಿದ್ದರೆ ಏನು" ಅನ್ನುವ ಸಾಲನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಿ. ದಂಡ ಕಟ್ಟದಿದ್ದರೆ, ಜಾಮೀನುದಾರ ಸಿಗದಿದ್ದರೆ, ತಾರೀಖಿಗೆ ಬರದಿದ್ದರೆ. ಜೈಲು ತುಂಬುವುದು ಆ ಸಾಲುಗಳಿಂದ.

ಹಾಗಂತ ಒಳ್ಳೆಯ ಯೋಚನೆ, ಧೈರ್ಯ ಇದ್ದರೆ ಸಾಲದೇ ಅಂತ ನೀವು ಕೇಳಬಹುದು. ಸಾಲದು. 1840ರಲ್ಲಿ ಅಲೆಕ್ಸಾಂಡರ್ ಮಾಕೊನಕಿ ಅನ್ನುವ ನೌಕಾ ಅಧಿಕಾರಿ ಆಸ್ಟ್ರೇಲಿಯಾದ ಪೂರ್ವಕ್ಕಿರುವ ನಾರ್ಫೋಕ್ ದ್ವೀಪದ ಸೆರೆ ವಸಾಹತಿಗೆ ಮುಖ್ಯಸ್ಥರಾಗಿ ಹೋದರು. ಬ್ರಿಟಿಷ್ ಸಾಮ್ರಾಜ್ಯದ ಅತಿ ಕ್ರೂರ ಜಾಗಗಳಲ್ಲಿ ಅದೂ ಒಂದು. ವರ್ಷಗಳ ಲೆಕ್ಕದ ಬದಲು ಅಂಕಗಳ ಲೆಕ್ಕ ತಂದರು. ಕೆಲಸ, ನಡತೆಯಿಂದ ಅಂಕ ಗಳಿಸಿ ಬಿಡುಗಡೆ ಹತ್ತಿರ ಮಾಡಿಕೊಳ್ಳಬಹುದು. ರಾಣಿಯ ಹುಟ್ಟುಹಬ್ಬದ ದಿನ ಕೈದಿಗಳನ್ನು ದ್ವೀಪದಲ್ಲಿ ಓಡಾಡಲು ಬಿಟ್ಟರು. ಸಂಜೆ ಅವರು ತಾವಾಗೇ ವಾಪಸು ಬಂದರು. ಆದರೆ ಇವರ ಬೆನ್ನಿಗೆ ಸಂಸ್ಥೆ ಇರಲಿಲ್ಲ, ಮೇಲಿನವರ ಒಪ್ಪಿಗೆ ಗಟ್ಟಿಯಿರಲಿಲ್ಲ, ಉತ್ತರಾಧಿಕಾರಿ ಇರಲಿಲ್ಲ. 1844ರಲ್ಲಿ ವಾಪಸು ಕರೆಸಿಕೊಂಡರು. ದ್ವೀಪ ಮತ್ತೆ ಹಳೆಯ ಕ್ರೌರ್ಯಕ್ಕೆ ಮರಳಿತು. ಅವರ ಯೋಚನೆ ಉಳಿದದ್ದು, 1850ರ ದಶಕದಲ್ಲಿ ಐರ್ಲೆಂಡಿನ ಜೈಲು ಆಡಳಿತದ ಮುಖ್ಯಸ್ಥರಾಗಿದ್ದ ವಾಲ್ಟರ್ ಕ್ರಾಫ್ಟನ್ ಅದನ್ನು ಇಲಾಖೆಯ ನಿಯಮವಾಗಿ ಬರೆದುಕೊಂಡಿದ್ದರಿಂದ.

ಪೊಲೀಸ್ ಕಡೆಯಿಂದ ಬಂದ ಒಬ್ಬರನ್ನೂ ಹೇಳಬೇಕು. ಸ್ಕಾಟ್‌ಲ್ಯಾಂಡಿನ ಕ್ಯಾರಿನ್ ಮಕ್ಲಸ್ಕಿ. ನರ್ಸ್ ಆಗಿ ತರಬೇತಿ ಪಡೆದವರು, ಆಮೇಲೆ ಗ್ಲಾಸ್ಗೋ ಪೊಲೀಸರ ಮಾಹಿತಿ ವಿಶ್ಲೇಷಣೆಯ ಮುಖ್ಯಸ್ಥರು. ಚೂರಿ ಇರಿತದಿಂದ ಯುವಕರು ಸಾಯುತ್ತಿದ್ದ ಊರು ಅದು. 2005ರಲ್ಲಿ ಅವರು ಮತ್ತು ಪತ್ತೇದಾರಿ ಅಧಿಕಾರಿ ಜಾನ್ ಕಾರ್ನಕನ್ ಸೇರಿ ಹಿಂಸೆ ತಗ್ಗಿಸುವ ಘಟಕ ಶುರು ಮಾಡಿದರು. ಹಿಂಸೆಯನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆ ಅಂತ ನೋಡಿದರು. ಆಸ್ಪತ್ರೆ, ಶಾಲೆ, ವಸತಿ ಇಲಾಖೆ ಎಲ್ಲವನ್ನೂ ಒಳಗೆ ತಂದರು. ಗ್ಯಾಂಗಿನ ಹುಡುಗರನ್ನು ಕೋರ್ಟಿಗೆ ಕರೆಸಿ, ಪೊಲೀಸರು, ಡಾಕ್ಟರು, ಮಗನನ್ನು ಕಳೆದುಕೊಂಡ ತಾಯಿ ಮುಖಾಮುಖಿ ಮಾತನಾಡಿದರು. ಬಿಟ್ಟುಬರುವವರಿಗೆ ತರಬೇತಿ, ಕೆಲಸದ ದಾರಿ ತೋರಿಸಿದರು. ಮುಂದಿನ ದಶಕದಲ್ಲಿ ಸ್ಕಾಟ್‌ಲ್ಯಾಂಡಿನ ಕೊಲೆಗಳ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು. ಅದೆಲ್ಲ ಒಂದು ಘಟಕದಿಂದಲೇ ಆಯಿತು ಅನ್ನುವುದು ಅತಿಯಾಗುತ್ತದೆ, ಅದೇ ಹೊತ್ತಿಗೆ ಬೇರೆ ಬದಲಾವಣೆಗಳೂ ನಡೆಯುತ್ತಿದ್ದವು. ಆದರೆ ಒಂದು ದೊಡ್ಡ ಸಮಸ್ಯೆಯ ಕೀಲಿ ಪಕ್ಕದ ಇಲಾಖೆಯಲ್ಲಿರಬಹುದು ಅನ್ನುವುದನ್ನು ಅವರು ತೋರಿಸಿಕೊಟ್ಟರು. ಕಾರ್ಡಿಫ್‌ನ ಶಸ್ತ್ರವೈದ್ಯ ಜೊನಾಥನ್ ಶೆಫರ್ಡ್ ಇದಕ್ಕೂ ಮೊದಲೇ ಕಂಡುಕೊಂಡಿದ್ದ ಸಂಗತಿಯೂ ಅದೇ: ಹೊಡೆದಾಟದಲ್ಲಿ ಗಾಯಗೊಂಡು ತುರ್ತು ಚಿಕಿತ್ಸೆಗೆ ಬಂದವರಲ್ಲಿ ಬಹಳಷ್ಟು ಜನರ ಪ್ರಕರಣ ಪೊಲೀಸರ ಪುಸ್ತಕದಲ್ಲೇ ಇರಲಿಲ್ಲ.

ಈಗ, ಏನು ಕಲಿಯಬೇಕು ಅನ್ನುವ ಪ್ರಶ್ನೆ. ಕಾನೂನು ನಿಮಗೆ ಗೊತ್ತಿದೆ. ಗಣಿತ ಕಲಿಯಿರಿ, ಅದೂ ಸರಳ ಗಣಿತ. ಒಂದು ಜೈಲಿನಲ್ಲಿ ಎಷ್ಟು ಜನ ಇರುತ್ತಾರೆ ಅನ್ನುವುದು ಎರಡೇ ಸಂಗತಿಗಳ ಗುಣಾಕಾರ: ತಿಂಗಳಿಗೆ ಎಷ್ಟು ಜನ ಒಳಗೆ ಬರುತ್ತಾರೆ, ಒಬ್ಬೊಬ್ಬರು ಸರಾಸರಿ ಎಷ್ಟು ತಿಂಗಳು ಇರುತ್ತಾರೆ. ತಿಂಗಳಿಗೆ 100 ಜನ ಬಂದು ಆರು ತಿಂಗಳಿದ್ದರೆ 600 ಹಾಸಿಗೆ ಬೇಕು. ಅದೇ 100 ಜನ ಒಂಬತ್ತು ತಿಂಗಳಿದ್ದರೆ 900. ಒಬ್ಬನೇ ಒಬ್ಬ ಹೊಸ ಅಪರಾಧಿ ಹುಟ್ಟದೆ ಜೈಲು ಅರ್ಧಪಟ್ಟು ಹಿಗ್ಗಿತು. ವಿಚಾರಣೆ ಮೂರು ತಿಂಗಳು ತಡವಾದರೂ ಇದೇ ಆಗುತ್ತದೆ. ಎಷ್ಟೋ ಸಭೆಗಳಲ್ಲಿ ಜೈಲಿನ ಇಕ್ಕಟ್ಟಿನ ಮಾತು ಬಂದ ತಕ್ಷಣ ಹೊಸ ಕಟ್ಟಡದ ಚರ್ಚೆ ಶುರುವಾಗುತ್ತದೆ. ಈ ಗುಣಾಕಾರವನ್ನು ಒಂದು ಹಾಳೆಯಲ್ಲಿ ಬರೆದು ಮುಂದಿಡಬಲ್ಲವರು ಇದ್ದರೆ ಚರ್ಚೆ ತಾರೀಖುಗಳ ಕಡೆಗೆ, ಜಾಮೀನಿನ ಕಡೆಗೆ ತಿರುಗುತ್ತದೆ. ಮಸೂದೆಯೊಂದು ಬಂದಾಗ ಅದರಿಂದ ಒಳಬರುವವರು ಹೆಚ್ಚುತ್ತಾರೋ, ಇರುವ ಕಾಲ ಹೆಚ್ಚುತ್ತದೋ ಅಂತ ಮೊದಲು ಕೇಳಿಕೊಳ್ಳಿ.

ನೊಂದವರ ವಿಷಯ ಬಿಡಬೇಡಿ. ಶಿಕ್ಷೆ ತಗ್ಗಿಸುವ ಮಾತಾಡುವವರು ಅವರನ್ನು ಮರೆತಿದ್ದಾರೆ ಅನ್ನುವ ಆರೋಪ ಹಲವು ಕಡೆ ನಿಜವೂ ಹೌದು. ಆಂಟಿಲಾ ಅವರ ಡಾಕ್ಟರೇಟ್ ಪ್ರಬಂಧವೇ ಬಾಧಿತರ ಒಪ್ಪಿಗೆಯ ಕುರಿತಾಗಿತ್ತು. ಕದ್ದ ವಸ್ತು ವಾಪಸು ಸಿಗುವುದು, ಪ್ರಕರಣ ಎಲ್ಲಿಗೆ ಬಂತು ಅಂತ ಯಾರಾದರೂ ತಿಳಿಸುವುದು, ಸಾಕ್ಷಿ ಹೇಳಲು ಬಂದ ದಿನ ಆರೋಪಿಯ ಪಕ್ಕದಲ್ಲೇ ಕಾಯುವ ಹಾಗೆ ಆಗದಿರುವುದು, ಇವೆಲ್ಲ ನೀತಿಯ ಕೆಲಸಗಳೇ. ಶಿಕ್ಷೆಯನ್ನು ಎರಡು ವರ್ಷ ಹೆಚ್ಚಿಸುವುದಕ್ಕಿಂತ ಇವು ಅವರಿಗೆ ಹೆಚ್ಚು ಬೇಕಾಗಿರುತ್ತವೆ.

ಒಂದು ದಿನ ಭೀಕರ ಘಟನೆಯೊಂದು ನಡೆಯುತ್ತದೆ. ಸಂಜೆಯೊಳಗೆ ಹೊಸ ಕಾನೂನಿನ ಕರಡು ಬೇಕು ಅಂತ ಮೇಲಿನಿಂದ ಕರೆ ಬರುತ್ತದೆ. ಆ ಹೊತ್ತಿನಲ್ಲಿ ಅಂಕಿ ಹುಡುಕುತ್ತಾ ಕೂರಲು ಆಗುವುದಿಲ್ಲ. ಶಾಂತವಾಗಿದ್ದ ವರ್ಷಗಳಲ್ಲಿ ಸಿದ್ಧ ಮಾಡಿಟ್ಟ ಟಿಪ್ಪಣಿ ಮಾತ್ರ ಕೆಲಸಕ್ಕೆ ಬರುತ್ತದೆ. ಈಗಿನ ಕಾನೂನಿನಲ್ಲಿ ಇಂಥ ಕೃತ್ಯಕ್ಕೆ ಏನಿದೆ, ಅದು ಎಲ್ಲಿ ಜಾರಿಯಾಗುತ್ತಿಲ್ಲ, ಕೇಳಿಬರುತ್ತಿರುವ ಬದಲಾವಣೆಯಿಂದ ಏನಾಗುತ್ತದೆ, ಅದಕ್ಕಿಂತ ಒಳ್ಳೆಯ ಎರಡು ದಾರಿ ಯಾವುವು. ಜನರ ನೋವನ್ನು ಕಡೆಗಣಿಸುವ ಒಂದು ಸಾಲೂ ಅದರಲ್ಲಿ ಇರಬಾರದು. ನೀವು ಬರೆದದ್ದನ್ನು ಒಪ್ಪದೆ ಬೇರೆ ತೀರ್ಮಾನ ಬಂದರೆ ಅದನ್ನು ಪ್ರಾಮಾಣಿಕವಾಗಿ ಜಾರಿ ಮಾಡಬೇಕು. ಆದರೆ ಆ ದಿನದಿಂದಲೇ ಫಲಿತಾಂಶದ ಲೆಕ್ಕ ಇಡಲು ಶುರು ಮಾಡಿ. ಮೂರು ವರ್ಷದ ನಂತರ ಅದನ್ನು ಮರುಪರಿಶೀಲಿಸುವ ಅವಕಾಶ ಬಂದಾಗ ಆ ಲೆಕ್ಕ ಬೇರೆ ಯಾರ ಬಳಿಯೂ ಇರುವುದಿಲ್ಲ.

ಈ ಕೆಲಸದ ಕಷ್ಟವನ್ನೂ ಹೇಳಿಬಿಡುತ್ತೇನೆ. ಹೆಸರು ಬರುವುದಿಲ್ಲ. ಹತ್ತು ವರ್ಷ ಕಟ್ಟಿದ್ದು ಹತ್ತು ತಿಂಗಳಲ್ಲಿ ಬೀಳಬಹುದು. ಫಿನ್‌ಲ್ಯಾಂಡಿನಲ್ಲೂ 1999ರ ನಂತರ ಕೆಲವು ವರ್ಷ ಕೈದಿಗಳ ಸಂಖ್ಯೆ ಮತ್ತೆ ಏರಿತು, ಆಮೇಲೆ ಇಳಿಯಿತು. ಬಡ್ತಿಯ ಆಸೆಗೆ ಎರಡೆರಡು ವರ್ಷಕ್ಕೆ ಜಾಗ ಬದಲಿಸುವವರಿಗೆ ಈ ಕ್ಷೇತ್ರ ಹೇಳಿಮಾಡಿಸಿದ್ದಲ್ಲ.

ಎಲ್ಲಿಂದ ಶುರು ಮಾಡಬೇಕು ಅಂದರೆ, ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಮೊದಲು ಅಂಕಿ-ಅಂಶ ವಿಭಾಗ ಅಥವಾ ಜೈಲು ಸಿಬ್ಬಂದಿಯ ತರಬೇತಿ ಕೇಂದ್ರ ಕೇಳಿ. ಎರಡನ್ನೂ ಮೂಲೆಗುಂಪಿನ ಜಾಗ ಅಂತ ಜನ ನೋಡುತ್ತಾರೆ. ಬೇಡಿದರೆ ಸುಲಭವಾಗಿ ಕೊಡುತ್ತಾರೆ. ರಜೆ ಸಿಕ್ಕಾಗ ರಿಮ್ಯಾಂಡ್ ಕೋರ್ಟಿನಲ್ಲಿ, ಅಂದರೆ ಬಂಧಿತರನ್ನು ಒಳಗಿಡಬೇಕೋ ಬಿಡಬೇಕೋ ಅಂತ ತೀರ್ಮಾನಿಸುವ ಕಡೆ, ಹೋಗಿ ಕೂತು ಬನ್ನಿ. ನೀತಿ ವಿಭಾಗದವರು ಈಗಲೇ ಬನ್ನಿ ಅಂತಿದ್ದರೆ ಹೋಗಿ, ಹಿಂಜರಿಯಬೇಡಿ. ಒಂದು ವಿಷಯ ಮಾತ್ರ ಸೇರುವ ಮೊದಲೇ ಮೇಲಧಿಕಾರಿಯ ಹತ್ತಿರ ಮಾತನಾಡಿಕೊಳ್ಳಿ: ನೀವು ಕರಡು ಬರೆಯುವ ಕಾನೂನು ಜಾರಿಗೆ ಬಂದ ಮೇಲೆ ಕನಿಷ್ಠ ಮೊದಲ ಒಂದು ವರ್ಷ ನಿಮ್ಮನ್ನು ಅಲ್ಲೇ ಇರಿಸಬೇಕು. ಅಷ್ಟನ್ನು ಒಪ್ಪಿಸಿಕೊಂಡೇ ಸೇರಿ.